ನಿವೃತ್ತಿಯ ಮರುದಿನದ ಆರೋಗ್ಯ



ಆರೋಗ್ಯ ವಿಮೆಯ ತತ್ವ ಸರಳವಾದದ್ದು. ಸಾವಿರ ಜನರಲ್ಲಿ ಈ ವರ್ಷ ಯಾರು ಕಾಯಿಲೆ ಬೀಳುತ್ತಾರೆಂದು ಹೇಳಲಾಗದು. ಎಷ್ಟು ಜನ ಬೀಳಬಹುದೆಂದು ಮಾತ್ರ ಅಂದಾಜು ಮಾಡಬಹುದು. ಆದ್ದರಿಂದ ಎಲ್ಲರೂ ಸ್ವಲ್ಪ ಸ್ವಲ್ಪ ಹಣ ಕೂಡಿಸಿ, ಬಿದ್ದವರನ್ನು ಎತ್ತುತ್ತಾರೆ. ಸರ್ಕಾರವೇ ಈ ಹೊಣೆ ಹೊತ್ತರೆ ಹಣ ಬಹುಪಾಲು ತೆರಿಗೆಯಿಂದ ಬರುತ್ತದೆ. ಆದರೆ ನಮ್ಮಲ್ಲಿ ಈ ರಕ್ಷಣೆ ಒಂದೋ ಕೆಲಸಕ್ಕೆ, ಇಲ್ಲವೇ ಬಡತನಕ್ಕೆ ಅಂಟಿಕೊಂಡು ಬೆಳೆದಿದೆ. ಕೆಲಸ ಮುಗಿದಿದ್ದು, ಬಡವರ ಪಟ್ಟಿಗೂ ಸೇರದ ವೃದ್ಧರ ಗತಿಯೇನು? ಇಂದು ನಾವು ವಿಚಾರ ಮಾಡಬೇಕಾದದ್ದು ಇದನ್ನು.

2022ರಲ್ಲಿ, 60ನೆಯ ವಯಸ್ಸಿಗೆ ನಿವೃತ್ತರಾಗಿ ಆಳಂದದಲ್ಲಿ ನೆಲೆಸಿದ ಸರ್ಕಾರಿ ಶಾಲೆಯ ಮಾಸ್ತರೊಬ್ಬರನ್ನು ಕಲ್ಪಿಸಿಕೊಳ್ಳಿ. ಜ್ವರ, ಗಾಯಗಳಿಗೆ ತಾಲ್ಲೂಕು ಆಸ್ಪತ್ರೆ ಸಾಕು. ಎದೆನೋವು ಕಾಣಿಸಿಕೊಂಡರೆ ಸುಮಾರು 40 ಕಿಲೋಮೀಟರ್ ದೂರದ ಕಲಬುರಗಿಗೆ ಹೋಗಬೇಕು. ಅಲ್ಲಿ 2024ರ ಡಿಸೆಂಬರ್‌ನಲ್ಲಿ ಜಯದೇವ ಹೃದ್ರೋಗ ಆಸ್ಪತ್ರೆಯ 371 ಹಾಸಿಗೆಗಳ ಹೊಸ ಕಟ್ಟಡ ಉದ್ಘಾಟನೆಯಾಯಿತು. ಆಸ್ಪತ್ರೆಯೇನೋ ಹತ್ತಿರವಿದೆ, ಖರ್ಚು ಕೊಡುವವರು ಯಾರು?

ಮಾಸ್ತರರು ಸೇವೆಯಲ್ಲಿದ್ದಾಗ ರಾಜ್ಯ ನೌಕರರಿಗಾಗಿ 2014ರಲ್ಲಿ ಆರಂಭವಾದ ಜ್ಯೋತಿ ಸಂಜೀವಿನಿ ಯೋಜನೆಯಿತ್ತು. ಅದು ಸೇವೆಯಲ್ಲಿರುವವರಿಗೆ ಮತ್ತು ಅವರ ಕುಟುಂಬಕ್ಕೆ ಮೀಸಲಾಗಿತ್ತು. ಹಾರ ಹಾಕಿಸಿಕೊಂಡು ಮನೆಗೆ ಬಂದ ದಿನವೇ ಅದು ಅವರ ಕೈಬಿಟ್ಟಿತು.

ಬಡವರ ಯೋಜನೆಯ ವಿಷಯದಲ್ಲಿ ನಮ್ಮ ಭಾಗಕ್ಕೆ ಒಂದು ಹಿರಿಮೆ ಇದೆ. ವಾಜಪೇಯಿ ಆರೋಗ್ಯಶ್ರೀ ಮೊದಲು ಶುರುವಾದದ್ದು ಅಂದಿನ ಗುಲ್ಬರ್ಗಾ ವಿಭಾಗದಲ್ಲಿ, 2010ರಲ್ಲಿ. ಯೋಜನೆ ಬಂದ ಹಳ್ಳಿಗಳನ್ನೂ ಗಡಿಯಾಚೆಗೆ ಇನ್ನೂ ಬಾರದಿದ್ದ ಹಳ್ಳಿಗಳನ್ನೂ ಹೋಲಿಸಿದ ಅಧ್ಯಯನವೊಂದು 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಯೋಜನೆಗೆ ಒಳಪಟ್ಟ ಕಾಯಿಲೆಗಳಿಂದ ಬಡ ಕುಟುಂಬಗಳಲ್ಲಿ ಸತ್ತವರ ಪ್ರಮಾಣ, ಯೋಜನೆ ಇಲ್ಲದ ಕಡೆ ಶೇಕಡಾ 0.90 ಇದ್ದರೆ ಇದ್ದ ಕಡೆ 0.32. ಬಡತನ ರೇಖೆಗಿಂತ ಮೇಲಿನ ಕುಟುಂಬಗಳಲ್ಲಿ ಇಂಥ ವ್ಯತ್ಯಾಸ ಕಾಣಲಿಲ್ಲ. ಯೋಜನೆ ಅವರಿಗೆ ಅನ್ವಯಿಸಿರಲಿಲ್ಲ. ವಿಮೆ ಎಂದರೆ ಬರೀ ದುಡ್ಡಿನ ಲೆಕ್ಕವಲ್ಲ, ಜೀವದ ಲೆಕ್ಕ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

2018ರಲ್ಲಿ ಹಳೆಯ ಯೋಜನೆಗಳು ಒಂದಾಗಿ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಬಂತು. ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ, ಎ.ಪಿ.ಎಲ್. ಕುಟುಂಬಕ್ಕೆ ನಿಗದಿತ ದರದ ಶೇಕಡಾ 30 ಮಾತ್ರ, ಅದೂ ವರ್ಷಕ್ಕೆ 1.5 ಲಕ್ಷದ ಮಿತಿಯೊಳಗೆ. ಬಿ.ಪಿ.ಎಲ್. ಕಾರ್ಡಿಗೆ ವಾರ್ಷಿಕ ಆದಾಯ 1.2 ಲಕ್ಷ ಮೀರಬಾರದು. ತಿಂಗಳಿಗೆ 10,000 ರೂಪಾಯಿಗಿಂತ ಒಂದಿಷ್ಟು ಹೆಚ್ಚು ಪಿಂಚಣಿ ಬಂದರೂ ಮಾಸ್ತರರು ಗೆರೆ ದಾಟಿದರು. ನಿಗದಿತ ದರ 1 ಲಕ್ಷ ಇರುವ ಶಸ್ತ್ರಚಿಕಿತ್ಸೆಗೆ ಸರ್ಕಾರದಿಂದ 30,000. ಉಳಿದ 70,000 ಅವರ ಕೈಯಿಂದಲೇ. ಪಿಂಚಣಿ 12,000 ಎಂದಾದರೆ ಅದು ಸುಮಾರು ಆರು ತಿಂಗಳ ಗಳಿಕೆ!

ಕೇಂದ್ರ ಸರ್ಕಾರ 2024ರ ಅಕ್ಟೋಬರ್ 29ರಂದು, 70 ತುಂಬಿದ ಎಲ್ಲರಿಗೂ ಆದಾಯ ನೋಡದೆ 5 ಲಕ್ಷದ ರಕ್ಷಣೆ ನೀಡುವ ಯೋಜನೆಗೆ ಚಾಲನೆ ಕೊಟ್ಟಿತು. ಒಳ್ಳೆಯ ಹೆಜ್ಜೆಯೇ. ಆದರೆ ನಿವೃತ್ತಿ 60ಕ್ಕೆ, ರಕ್ಷಣೆ 70ಕ್ಕೆ. ನಡುವಿನ ಹತ್ತು ವರ್ಷ ಬಿ.ಪಿ., ಸಕ್ಕರೆ ಕಾಯಿಲೆ, ಹೃದಯದ ತೊಂದರೆಗಳು ಕಾದು ಕೂರುತ್ತವೆಯೇ?

ಕಾರ್ಖಾನೆ, ಅಂಗಡಿಗಳಲ್ಲಿ ದುಡಿದವರಿಗೆ ಇ.ಎಸ್.ಐ. ಇದೆ. ಕನಿಷ್ಠ ಐದು ವರ್ಷ ವಿಮಾದಾರರಾಗಿದ್ದು ವಯೋನಿವೃತ್ತಿ ಹೊಂದಿದವರು ವರ್ಷಕ್ಕೆ 120 ರೂಪಾಯಿ ಕಟ್ಟಿದರೆ ದಂಪತಿಗಳಿಬ್ಬರಿಗೂ ಚಿಕಿತ್ಸೆ ಸಿಗುತ್ತದೆ. ಕಲಬುರಗಿಯಲ್ಲೇ ಇ.ಎಸ್.ಐ. ಆಸ್ಪತ್ರೆಯೂ ವೈದ್ಯಕೀಯ ಕಾಲೇಜೂ ಇವೆ. ತೊಡಕಿರುವುದು ವೇತನದ ಮಿತಿಯಲ್ಲಿ. 2017ರಲ್ಲಿ ಅದು 21,000 ರೂಪಾಯಿಗೆ ಏರಿತು. ಇಪ್ಪತ್ತು ವರ್ಷ ವಂತಿಗೆ ಕಟ್ಟಿ, ಕೊನೆಗಾಲದಲ್ಲಿ ಸಂಬಳ ಮಿತಿ ಮೀರಿದ ಕಾರಣಕ್ಕೆ ಹೊರಬಿದ್ದವರಿದ್ದಾರೆ. ಅಂಥವರಲ್ಲಿ ಕೆಲವರಿಗೆ ನಿಯಮ ಸಡಿಲಿಸಲು ನಿಗಮ 2024ರಲ್ಲಿ ಒಪ್ಪಿತು. ನಮ್ಮ ತೊಗರಿ ಹೊಲಗಳಲ್ಲಿ ದುಡಿಯುವ ಕೂಲಿಕಾರರಿಗೆ ನಿವೃತ್ತಿಯೂ ಇಲ್ಲ, ಇ.ಎಸ್.ಐ.ಯೂ ಇಲ್ಲ. ಅವರಿಗೆ ಬಿ.ಪಿ.ಎಲ್. ಕಾರ್ಡೇ ಆಧಾರ.

ಖಾಸಗಿ ವಿಮೆ ಕೊಳ್ಳಬಹುದಲ್ಲ ಎನ್ನುವಿರಿ. 2024ರ ಏಪ್ರಿಲ್‌ನಿಂದ 65 ದಾಟಿದವರೂ ಹೊಸದಾಗಿ ವಿಮೆ ಕೊಳ್ಳಲು ಅವಕಾಶವಾಗಿದೆ. ಆದರೆ ವಯಸ್ಸಿನೊಂದಿಗೆ ಕಂತು ಏರುತ್ತದೆ. ಮೊದಲೇ ಇದ್ದ ಕಾಯಿಲೆಗೆ ಮೂರು ವರ್ಷದವರೆಗೆ ಕಾಯಿಸಬಹುದು. ಇನ್ನೊಂದು ಮಾತು: ಇಂಥ ವಿಮೆಗಳು ಹೆಚ್ಚಾಗಿ ಆಸ್ಪತ್ರೆಗೆ ದಾಖಲಾದಾಗಿನ ಖರ್ಚನ್ನೇ ನೋಡುತ್ತವೆ. ದಿನವೂ ನುಂಗುವ ಬಿ.ಪಿ. ಮಾತ್ರೆ ಲೆಕ್ಕಕ್ಕೆ ಬರುವುದಿಲ್ಲ. ಮಾತ್ರೆ ಬಿಟ್ಟವರೇ ಮುಂದೆ ಪಾರ್ಶ್ವವಾಯು ಬಡಿದು ದಾಖಲಾಗುವುದು. ಸಣ್ಣ ಖರ್ಚು ಉಳಿಸಿ ದೊಡ್ಡ ಖರ್ಚು ಹೊರುವ ವ್ಯವಸ್ಥೆ ಜಾಣತನದ್ದಲ್ಲ.

ಹಾಗಾದರೆ ನೀವು ಏನು ಮಾಡಬಹುದು? ಮನೆಯಲ್ಲಿ ಅಜ್ಜ, ಅಜ್ಜಿ ಇದ್ದರೆ ಅವರ ಆಧಾರ್, ಪಡಿತರ ಚೀಟಿ, ಪಿಂಚಣಿ ಪುಸ್ತಕ, ಹಳೆಯ ಇ.ಎಸ್.ಐ. ಸಂಖ್ಯೆಗಳನ್ನು ಒಂದೆಡೆ ಜೋಡಿಸಿಡಿ. ಯಾವ ಯೋಜನೆ ಅನ್ವಯಿಸುತ್ತದೆಂದು ಸರ್ಕಾರಿ ಆಸ್ಪತ್ರೆಯ ಆರೋಗ್ಯಮಿತ್ರರಲ್ಲಿ ವಿಚಾರಿಸಿ. ತುರ್ತು ಅಲ್ಲದ ದೊಡ್ಡ ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕಾಗುತ್ತದೆ. ಅದನ್ನು ಪಡೆಯದೆ ನೇರವಾಗಿ ಖಾಸಗಿ ಆಸ್ಪತ್ರೆಗೆ ಹೋಗಿ ಸಾಲಕ್ಕೆ ಬೀಳಬೇಡಿ. ಬಿ.ಪಿ., ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ಸರ್ಕಾರಿ ಆಸ್ಪತ್ರೆಯಲ್ಲೇ ಕೇಳಿ ಪಡೆಯಿರಿ.

ಇದು ಮನೆಯ ಮಟ್ಟದ ಪರಿಹಾರ. ಅರವತ್ತರಿಂದ ಎಪ್ಪತ್ತರ ನಡುವಿನ ತೆರವನ್ನು ಮುಚ್ಚಬೇಕಾದದ್ದು ಸರ್ಕಾರ. ಸರ್ಕಾರವನ್ನು ಕೇಳಬೇಕಾದವರು ನಾಳಿನ ಮತದಾರರಾದ ನೀವು. ಅಕ್ಷರ ಕಲಿಸಿದ ಮಾಸ್ತರರಿಗಾಗಿ ಅಷ್ಟನ್ನಾದರೂ ಕೇಳುವುದು ನಮ್ಮ ಋಣವಲ್ಲವೇ?