ಏನೂ ಇಲ್ಲದ ಕಡೆಯಿಂದ ಏನಾದರೂ ಬರುತ್ತಾ?

ಹೋದ ಸಲ ಚೆನ್ನೈ ಬಾಡಿಗೆ ಮನೆ ಅಡ್ವಾನ್ಸ್ ಬಗ್ಗೆ ಮಾತಾಡಿದ್ವಿ. ಇವತ್ತಿನ ವಿಷಯ ಅದಕ್ಕಿಂತ ಸ್ವಲ್ಪ ಹಳೇದು. ದೇವರು ಈ ಲೋಕವನ್ನು ಏನೂ ಇಲ್ಲದ ಕಡೆಯಿಂದ ಮಾಡಿದನಾ, ಇಲ್ಲಾ ಮೊದಲೇ ಏನೋ ಇತ್ತಾ?

ನಾನು ವೇದಾಂತ ಓದಿದವನಲ್ಲ. ಎಂ.ಟೆಕ್ ಮಾಡಿ ಒಎಂಆರ್‌ನಲ್ಲಿ ಕೋಡ್ ಬರೆಯೋನು. ಈ ಪ್ರಶ್ನೆ ನನಗೆ ಎದುರಾಗಿದ್ದು ಆಫೀಸಿನ ಊಟದ ಟೇಬಲ್‌ನಲ್ಲಿ. ನನ್ನ ಟೀಮಿನ ಗೆಳೆಯನೊಬ್ಬ ಸಾಂತೋಮ್ ಕಡೆಯವನು, ಕ್ಯಾಥೊಲಿಕ್. ಎಂಟು ವರ್ಷದ ಸ್ನೇಹ. ನನ್ನ ಡಬ್ಬಿಯ ಪುಳಿಯೋಗರೆಯಲ್ಲಿ ಅರ್ಧ ಅವನದೇ. ಒಂದು ದಿನ ಮಾತು ಎಲ್ಲೆಲ್ಲೋ ಹೋಗಿ, "ದೇವರು ಶೂನ್ಯದಿಂದ ಸೃಷ್ಟಿ ಮಾಡಿದ" ಅಂದ. ನಾನು ಬಿಡ್ತೀನಾ? "ಕೋಡಲ್ಲಿ 'ನ್ಯೂ' ಅಂತ ಬರೆದರೆ ಆಬ್ಜೆಕ್ಟ್ ಹುಟ್ಟುತ್ತೆ, ಸರಿ. ಆದರೆ ಮೆಮೊರಿ ಮೊದಲೇ ಇರಬೇಕಲ್ಲ? ಮೆಮೊರಿನೇ ಇಲ್ಲದ ಮಷೀನಿನಲ್ಲಿ ನಿಮ್ಮ ದೇವರು 'ನ್ಯೂ' ಅಂತ ಎಷ್ಟು ಕೂಗಿದರೇನು?" ಟೇಬಲ್ಲಿಗೆ ಟೇಬಲ್ಲೇ ನಕ್ಕಿತು. ಅವನು ನಗಲಿಲ್ಲ. ಡಬ್ಬಿ ಮುಚ್ಚಿ ಎದ್ದುಹೋದ. ಆಮೇಲೆ ಒಂದು ವಾರ ಕೆಲಸದ ಮಾತು ಬಿಟ್ಟರೆ ಬೇರೆ ಮಾತಿಲ್ಲ.

ಆ ವಾರ ಕೂತು ಓದಿದೆ. ನಿಜ ಹೇಳ್ತೀನಿ, ಕಲಿಯೋದಕ್ಕಲ್ಲ, ಗೆದ್ದಿದ್ದನ್ನು ಗಟ್ಟಿ ಮಾಡಿಕೊಳ್ಳೋದಕ್ಕೆ.

ಛಾಂದೋಗ್ಯ ಉಪನಿಷತ್ತಿನ ಆರನೇ ಅಧ್ಯಾಯದಲ್ಲಿ ಶ್ವೇತಕೇತು ಅನ್ನೋ ಹುಡುಗ 12 ವರ್ಷ ಗುರುಗಳ ಹತ್ತಿರ ಓದಿ, 24ನೇ ವಯಸ್ಸಿಗೆ ಮನೆಗೆ ಬರ್ತಾನೆ. ಎಲ್ಲಾ ಗೊತ್ತು ಅನ್ನೋ ಜಂಭ. ಎಂ.ಟೆಕ್ ಮುಗಿಸಿ ಊರಿಗೆ ಹೋದಾಗ ನಾನೂ ಹಾಗೇ ಇದ್ದೆ. ಅಪ್ಪ ಉದ್ದಾಲಕ ಅವನನ್ನು ಕೂರಿಸಿಕೊಂಡು ಕೇಳ್ತಾನೆ: ಮೊದಲು ಏನೂ ಇರಲಿಲ್ಲ, ಅದರಿಂದಲೇ ಎಲ್ಲಾ ಬಂತು ಅಂತ ಕೆಲವರು ಹೇಳ್ತಾರೆ, ಆದರೆ ಇಲ್ಲದ್ದರಿಂದ ಇರೋದು ಹೇಗೆ ಹುಟ್ಟೀತು? ಅಂದರೆ ಈ ಜಗಳ ಆ ಕಾಲಕ್ಕೇ ಇತ್ತು.

ಬೆಂಗಳೂರು ಬಸ್ಸಿನಲ್ಲಿ ಶ್ರೀಪೆರುಂಬುದೂರು ದಾಟುವಾಗ ನಮಗೆ ಕಾಣೋದು ಬರೀ ಕಾರ್ಖಾನೆಗಳು. ಸಂಪ್ರದಾಯದ ಲೆಕ್ಕದಲ್ಲಿ ರಾಮಾನುಜಾಚಾರ್ಯರು 1017ರಲ್ಲಿ ಹುಟ್ಟಿದ್ದು ಅಲ್ಲೇ. ಮುಂದೆ ನಮ್ಮ ಮೇಲುಕೋಟೆಗೆ ಬಂದು ವರ್ಷಗಟ್ಟಲೆ ಇದ್ದರು. ಅವರ ಮತದಲ್ಲಿ ಜೀವರೂ ಜಡವೂ ದೇವರ ಶರೀರ. ಪ್ರಳಯದಲ್ಲಿ ಸೂಕ್ಷ್ಮವಾಗಿರುತ್ತೆ, ಸೃಷ್ಟಿಯಲ್ಲಿ ಸ್ಥೂಲವಾಗುತ್ತೆ. ಆಮೇಲೆ ಬಂದ ಉಡುಪಿಯ ಮಧ್ವಾಚಾರ್ಯರು ಇದನ್ನು ಒಪ್ಪಲಿಲ್ಲ. ಅವರಿಗೆ ದೇವರು ಕುಂಬಾರನ ಹಾಗೆ, ಪ್ರಕೃತಿ ಮಣ್ಣಿನ ಹಾಗೆ. ಆ ಮಣ್ಣು ಅನಾದಿ, ಆದರೆ ಅದು ಇರೋದೂ ದೇವರ ಅಧೀನದಲ್ಲೇ. ಇಷ್ಟು ಭೇದ ಇದ್ದರೂ "ಶೂನ್ಯದಿಂದ" ಅಂತ ಇಬ್ಬರೂ ಹೇಳಲಿಲ್ಲ.

ಎಲ್ಲರಿಗಿಂತ ಖಾರವಾದವರು ಜಿನಸೇನಾಚಾರ್ಯರು. ಒಂಬತ್ತನೇ ಶತಮಾನ, ಮಾನ್ಯಖೇಟದ ಅಮೋಘವರ್ಷ ನೃಪತುಂಗನ ಗುರುಗಳು. ಪಂಪ 941ರಲ್ಲಿ ಬರೆದ ಆದಿಪುರಾಣಕ್ಕೆ ಆಧಾರ ಅವರದೇ ಸಂಸ್ಕೃತ ಕಾವ್ಯ. ಜೈನರ ಪ್ರಕಾರ ಲೋಕಕ್ಕೆ ಕರ್ತೃವೇ ಇಲ್ಲ. ಜಿನಸೇನರು ಕೇಳ್ತಾರೆ: ಲೋಕ ಇಲ್ಲದಾಗ ದೇವರು ಎಲ್ಲಿದ್ದ? ಸಾಮಗ್ರಿ ಇಲ್ಲದೆ ಹೇಗೆ ಮಾಡಿದ? ಸಾಮಗ್ರಿಯನ್ನೂ ಅವನೇ ಮಾಡಿದ್ದಾದರೆ ಅದನ್ನು ಯಾವುದರಿಂದ ಮಾಡಿದ? ಕರುಣೆಯಿಂದ ಮಾಡಿದ್ದಾದರೆ ಎಲ್ಲರನ್ನೂ ಸುಖವಾಗಿ ಯಾಕೆ ಇಡಲಿಲ್ಲ? ಕಾರ್ಲ್ ಸಾಗನ್ 1980ರ 'ಕಾಸ್ಮೋಸ್' ಪುಸ್ತಕದಲ್ಲಿ ಈ ಭಾಗವನ್ನು ಎತ್ತಿ ಹಾಕಿದ್ದಾನೆ. ಕಲಬುರಗಿ ಜಿಲ್ಲೆಯ ಮಳಖೇಡ ಅಂದರೆ ಅದೇ ಮಾನ್ಯಖೇಟ.

ಬಿಗ್ ಬ್ಯಾಂಗ್ ಇದನ್ನು ತೀರ್ಮಾನ ಮಾಡಲ್ವಾ ಅಂತ ನೀವು ಕೇಳಬಹುದು. ಆ ವಿಚಾರವನ್ನು ಮೊದಲು ಮುಂದಿಟ್ಟ ಜಾರ್ಜ್ ಲೆಮೈತ್ರ್ ಸ್ವತಃ ಪಾದ್ರಿ. ಅದನ್ನು ದೇವರ ಸೃಷ್ಟಿಗೆ ಪುರಾವೆ ಮಾಡೋದಕ್ಕೆ ಅವರೇ ಒಪ್ಪಲಿಲ್ಲ. ಹಾಗಾಗಿ ಅದನ್ನು ಬಿಡೋಣ.

ಇಷ್ಟೆಲ್ಲಾ ಬಾಣ ತುಂಬಿಕೊಂಡು ಶುಕ್ರವಾರ ಸಂಜೆ ಟೀ ಅಂಗಡಿ ಹತ್ತಿರ ಅವನನ್ನು ಹಿಡಿದೆ. ಮುಖ ನೋಡಿದ ಮೇಲೆ ಬಾಯಿಂದ ಬಂದದ್ದು "ಸಾರಿ" ಅಷ್ಟೇ. ಅವನು ಒಂದು ಗುಟುಕು ಟೀ ಕುಡಿದು ಹೇಳಿದ. ಅವನ ತಮ್ಮ 19ನೇ ವಯಸ್ಸಿಗೆ ಬೈಕ್ ಅಪಘಾತದಲ್ಲಿ ಹೋದ. ಎಂಟು ವರ್ಷ ಪಕ್ಕದಲ್ಲೇ ಕೂತವನು ನಾನು, ನನಗೆ ಗೊತ್ತೇ ಇರಲಿಲ್ಲ.

ಅವತ್ತಿನಿಂದ ಅವರಮ್ಮ ಬೈಬಲ್ಲಿನ ಒಂದೇ ಕಥೆ ಓದ್ತಾ ಇರ್ತಾರಂತೆ. ಕ್ಯಾಥೊಲಿಕ್ ಬೈಬಲ್ಲಿನ ಮಕ್ಕಬಿಯರ ಎರಡನೇ ಪುಸ್ತಕ, ಏಳನೇ ಅಧ್ಯಾಯ. ಧರ್ಮ ಬಿಡಲಿಲ್ಲ ಅಂತ ರಾಜ ಒಬ್ಬ ತಾಯಿಯ ಏಳು ಮಕ್ಕಳನ್ನು ಒಂದೇ ದಿನ ಕೊಲ್ಲಿಸ್ತಾನೆ. ಕೊನೆಯ ಮಗನಿಗೆ ಆ ತಾಯಿ ಹೇಳೋದು: ಆಕಾಶ ನೋಡು, ಭೂಮಿ ನೋಡು, ಮೊದಲೇ ಇದ್ದ ಯಾವುದರಿಂದಲೂ ದೇವರು ಇದನ್ನು ಮಾಡಲಿಲ್ಲ, ಹೆದರಬೇಡ, ನೀನು ನನಗೆ ಮತ್ತೆ ಸಿಗ್ತೀಯ. ಪಂಡಿತರು ಇದನ್ನು ಸಿದ್ಧಾಂತವಾಗಿ ಬೆಳೆಸಿದ್ದು ಆಮೇಲೆ; ಚರ್ಚಿನ ಲ್ಯಾಟರನ್ ಪರಿಷತ್ತು ಅಧಿಕೃತವಾಗಿ ಘೋಷಿಸಿದ್ದು 1215ರಲ್ಲಿ.

"ನಮ್ಮಮ್ಮನಿಗೆ ಸಿದ್ಧಾಂತ ಗೊತ್ತಿಲ್ಲ" ಅಂದ. "ಇಲ್ಲದವನನ್ನು ಒಂದು ಸಲ ಕೊಟ್ಟವನಿಗೆ, ಇದ್ದು ಹೋದವನನ್ನು ಇನ್ನೊಂದು ಸಲ ಕೊಡೋದು ಕಷ್ಟನಾ ಅಂತಾರೆ. ಅವತ್ತು ನೀನು ಜೋಕ್ ಮಾಡಿದಾಗ ಅವರ ಮುಖ ಕಣ್ಮುಂದೆ ಬಂತು."

ನನಗೂ ಒಂದು ಮುಖ ಕಂಡಿತು. ಮೂರು ವರ್ಷದ ಹಿಂದೆ ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ ಅಪ್ಪನ ಅಸ್ಥಿ ಬಿಟ್ಟೆ. ರಜೆ ಇರಲಿಲ್ಲ, ಮಾರನೇ ದಿನವೇ ಚೆನ್ನೈಗೆ ವಾಪಸ್. ಆಗ ನನ್ನನ್ನು ಹಿಡಿದಿದ್ದು ಒಂದೇ ಮಾತು: ಇರೋದು ಇಲ್ಲದೇ ಹೋಗಲ್ಲ, ರೂಪ ಬದಲಾಗುತ್ತೆ ಅಷ್ಟೇ. ಇಲ್ಲದ್ದರಿಂದ ಏನೂ ಬರಲ್ಲ ಅನ್ನೋದು ಆ ಮಾತಿನದೇ ಇನ್ನೊಂದು ತುದಿ. ಊಟದ ಟೇಬಲ್ಲಿನಲ್ಲಿ ಅಷ್ಟು ಜೋರಾಗಿ ವಾದ ಮಾಡಿದ್ದು ಯಾಕೆ ಅಂತ ಆಗ ತಿಳೀತು. ಅವನು ತಮ್ಮನನ್ನು ಬಿಟ್ಟುಕೊಡಲಿಲ್ಲ, ನಾನು ಅಪ್ಪನನ್ನು ಬಿಟ್ಟುಕೊಡಲಿಲ್ಲ.

ಹಾಗಂತ ಎರಡೂ ಒಂದೇ ಅಂತ ನಾನು ಹೇಳ್ತಿಲ್ಲ. ಅವನಿಗೆ ಲೋಕ ಇಲ್ಲದೆಯೂ ಇರಬಹುದಿತ್ತು, ಆದ್ದರಿಂದ ಅದು ದಾನ. ನನಗೆ ಅದು ಮತ್ತೆ ಮತ್ತೆ ಬಿಚ್ಚಿಕೊಳ್ಳೋ ಸುರುಳಿ. ಮಣ್ಣು ಮೊದಲೇ ಇದ್ದರೆ ದೇವರ ದೊಡ್ಡತನ ಏನು ಬಂತು ಅಂತ ಅವನು ಈಗಲೂ ಕೇಳ್ತಾನೆ. ಜಿನಸೇನರ ಕೊನೆಯ ಪ್ರಶ್ನೆಗೆ, ಕರುಣೆ ಇದ್ದರೆ ಈ ದುಃಖ ಯಾಕೆ ಅನ್ನೋದಕ್ಕೆ, ಅವನ ಹತ್ತಿರವೂ ಉತ್ತರ ಇಲ್ಲ, ನನ್ನ ಹತ್ತಿರವೂ ಇಲ್ಲ.

ಅವತ್ತು ಅವನಿಗೆ ಉದ್ದಾಲಕನ ಕಥೆಯ ಮುಂದಿನ ಭಾಗ ಹೇಳಿದೆ. ಅಪ್ಪ ಮಗನಿಂದ ಆಲದ ಹಣ್ಣು ತರಿಸಿ, ಒಡೆಸಿ, ಒಳಗಿನ ಸಣ್ಣ ಬೀಜವನ್ನೂ ಒಡೆಸ್ತಾನೆ. ಏನು ಕಾಣುತ್ತೆ? ಏನೂ ಇಲ್ಲ ಅಂತಾನೆ ಹುಡುಗ. ನಿನಗೆ ಕಾಣದ ಆ ಸೂಕ್ಷ್ಮದಿಂದಲೇ ಇಷ್ಟು ದೊಡ್ಡ ಆಲದ ಮರ ನಿಂತಿದೆ ಅಂತಾನೆ ಅಪ್ಪ.

ಗೆಳೆಯ ಒಂದು ವಾರದಲ್ಲಿ ಮೊದಲ ಸಲ ನಕ್ಕ. "ನೋಡು, ನಿಮ್ಮ ಹುಡುಗನೂ 'ಏನೂ ಇಲ್ಲ' ಅಂದನಲ್ಲ!"

ಸೋಮವಾರ ಎರಡು ಡಬ್ಬಿ ಪುಳಿಯೋಗರೆ ತಗೊಂಡು ಹೋದೆ. ವಾದ ಇನ್ನೂ ಮುಗಿದಿಲ್ಲ. ಮುಂದಿನ ಸಲ ಸಿಗೋಣ, ನಮಸ್ಕಾರ.