ಹೃದಯ ತೋರಿಸುವ ಡೈ, ಅದನ್ನು ಸೋಸುವ ಕಿಡ್ನಿ



ಮುಂಬಯಿಯ ಪರೇಲ್‌ನ ಕೆ.ಇ.ಎಂ. ಆಸ್ಪತ್ರೆಗೆ ಕಿಡ್ನಿ, ಹೃದಯ ಎರಡರ ಚರಿತ್ರೆಯಲ್ಲೂ ಜಾಗವಿದೆ. ಭಾರತದಲ್ಲಿ ಮೊದಲ ಸಲ ಕಿಡ್ನಿ ಕಸಿಗೆ ಕೈಹಾಕಿದ್ದು ಅಲ್ಲಿ, 1965ರಲ್ಲಿ. 1968ರ ಫೆಬ್ರವರಿಯಲ್ಲಿ ಡಾ. ಪ್ರಫುಲ್ಲ ಕುಮಾರ್ ಸೇನ್ ದೇಶದ ಮೊದಲ ಹೃದಯ ಕಸಿ ಮಾಡಿದ್ದೂ ಅಲ್ಲೇ. ಆ ರೋಗಿಗಳು ಉಳಿಯಲಿಲ್ಲ, ಕಲಿತದ್ದು ಉಳಿಯಿತು. ಇವತ್ತು ಹಾರ್ಟ್ ಅಟ್ಯಾಕ್ ಆದವರಿಗೆ ಮುಚ್ಚಿದ ನಾಳ ತೆರೆಯುವ ಆಂಜಿಯೋಪ್ಲಾಸ್ಟಿ ಮಾಡುವಾಗ ಈ ಎರಡು ಅಂಗಗಳ ಹಿತವನ್ನು ಒಟ್ಟಿಗೇ ನೋಡಬೇಕಾಗುತ್ತದೆ. ಕಾರಣ, ರಕ್ತನಾಳ ಕಾಣಲೆಂದು ಬಿಡುವ ಅಯೋಡಿನ್ ದ್ರವ. ಅದು ನೀರಿನಂತೆ ತಿಳಿಯಾಗಿದ್ದರೂ ಎಲ್ಲರ ಬಾಯಲ್ಲೂ ‘ಡೈ’.

ಈ ಡೈ ಬಂದದ್ದೇ ಕಿಡ್ನಿಯನ್ನು ನೋಡಲಿಕ್ಕೆ. 1929ರಲ್ಲಿ ನ್ಯೂಯಾರ್ಕಿನ ತರುಣ ವೈದ್ಯ ಮೋಸೆಸ್ ಸ್ವಿಕ್ ಜರ್ಮನಿಯಲ್ಲಿ ಯೂರೋಸೆಲೆಕ್ಟಾನ್ ಎಂಬ ಅಯೋಡಿನ್ ಔಷಧವನ್ನು ರಕ್ತನಾಳಕ್ಕೆ ಕೊಟ್ಟರು. ಕಿಡ್ನಿ ಅದನ್ನು ಸೋಸಿ ಹೊರಹಾಕುತ್ತಿದ್ದಂತೆ ಮೂತ್ರದ ದಾರಿ ಎಕ್ಸ್‌ರೇಯಲ್ಲಿ ಮೂಡಿತು. ಅದೇ ವರ್ಷ, ಅದೇ ದೇಶದಲ್ಲಿ, ವೆರ್ನರ್ ಫೋರ್ಸ್‌ಮನ್ ತಮ್ಮದೇ ತೋಳಿನ ನಾಳದಿಂದ ಹೃದಯದವರೆಗೆ ಕೊಳವೆ ತೂರಿಸಿಕೊಂಡರು. ಈ ಎರಡು ದಾರಿಗಳು ಕೂಡಿದ್ದರ ಫಲವೇ ಕೊಳವೆ ತೂರಿಸಿ ಹೃದಯ ಪರೀಕ್ಷಿಸುವ ಇಂದಿನ ಕ್ಯಾಥ್ ಲ್ಯಾಬ್. 1958ರಲ್ಲಿ ಕ್ಲೀವ್‌ಲ್ಯಾಂಡಿನ ಮೇಸನ್ ಸೋನ್ಸ್ ಪರೀಕ್ಷೆ ಮಾಡುತ್ತಿದ್ದಾಗ ಡೈ ಆಕಸ್ಮಿಕವಾಗಿ ಹೃದಯದ ಸ್ವಂತ ರಕ್ತನಾಳಕ್ಕೇ ನುಗ್ಗಿತು; ರೋಗಿ ಬದುಕಿದರು, ಕೊರೊನರಿ ಆಂಜಿಯೋಗ್ರಫಿ ಹುಟ್ಟಿತು. 1977ರಲ್ಲಿ ಜ್ಯೂರಿಕ್‌ನಲ್ಲಿ ಆಂಡ್ರಿಯಾಸ್ ಗ್ರುಂಟ್ಸಿಗ್ ಬಲೂನಿನಿಂದ ಹೃದಯದ ನಾಳವನ್ನು ಹಿಗ್ಗಿಸಿದರು; ಅದೇ ಆಂಜಿಯೋಪ್ಲಾಸ್ಟಿ.

ಅಪಾಯದ ಸುಳಿವು ಅದಕ್ಕೂ ಮೊದಲೇ ಸಿಕ್ಕಿತ್ತು. ಡೈ ಕೊಟ್ಟ ರೋಗಿಯೊಬ್ಬರಿಗೆ ಮೂತ್ರವೇ ನಿಂತುಹೋದ ವರದಿ 1954ರಲ್ಲೇ ಅಚ್ಚಾಗಿದೆ. ಆಗಿನ ಡೈ ರಕ್ತಕ್ಕಿಂತ ಹಲವು ಪಟ್ಟು ಸಾಂದ್ರ. ಸ್ವೀಡನ್ನಿನ ಟಾರ್ಸ್ಟೆನ್ ಅಲ್ಮೇನ್ ಆ ಸಾಂದ್ರತೆಯನ್ನು ಇಳಿಸುವ ದಾರಿ ತೋರಿಸಿದರು. ನಂತರದ ಡೈಗಳು ಸೌಮ್ಯವಾದವು. ಆದರೂ ತೊಂದರೆ ಪೂರ್ತಿ ಹೋಗಲಿಲ್ಲ. ಕಿಡ್ನಿಯ ಒಳಭಾಗಕ್ಕೆ ಆಮ್ಲಜನಕ ಸಿಗುವುದೇ ಕಡಿಮೆ. ಡೈ ಅಲ್ಲಿನ ಸಣ್ಣ ನಾಳಗಳನ್ನು ಬಿಗಿಯುತ್ತದೆ, ಜೀವಕೋಶಗಳನ್ನು ನೋಯಿಸುತ್ತದೆ. ಹಾರ್ಟ್ ಅಟ್ಯಾಕ್‌ನಲ್ಲಿ ಹೃದಯವೇ ಸೋತಿರುವುದರಿಂದ ಬರುವ ರಕ್ತವೂ ಸಾಲದು. ಹೀಗಾಗಿ ಎಲ್ಲ ದೋಷವನ್ನೂ ಡೈ ಮೇಲೆ ಹೊರಿಸುವುದು ನ್ಯಾಯವಲ್ಲ.

ಯಾರಿಗೆ ಅಪಾಯ ಹೆಚ್ಚು? 2004ರಲ್ಲಿ ಮಿಲಾನ್‌ನ ಮರೆಂಜಿ ತಂಡ, ತುರ್ತು ಆಂಜಿಯೋಪ್ಲಾಸ್ಟಿ ಆದ ತಮ್ಮ ರೋಗಿಗಳಲ್ಲಿ ಶೇ. 19ರಷ್ಟು ಮಂದಿಯ ಕಿಡ್ನಿಗೆ ಪೆಟ್ಟಾಗಿದ್ದನ್ನು ಕಂಡಿತು. ವಯಸ್ಸು 75 ದಾಟಿದ್ದು, ಹೃದಯದ ಮುಂಭಾಗಕ್ಕೆ ಪೆಟ್ಟು, ನಾಳ ತೆರೆಯಲು ಆರು ಗಂಟೆ ಮೀರಿದ ತಡ, 300 ಮಿ.ಲೀ. ಮೀರಿದ ಡೈ: ಇವು ಕೂಡಿದಷ್ಟೂ ಅಪಾಯ ಏರಿತು. ಅದೇ ವರ್ಷ ರೊಕ್ಸಾನಾ ಮೆಹ್ರಾನ್ ಮತ್ತು ಸಂಗಡಿಗರು ರಕ್ತಹೀನತೆ, ಸಕ್ಕರೆ ಕಾಯಿಲೆ, ಕಡಿಮೆ ಬಿಪಿ, ಕಿಡ್ನಿ ಸೋಸದೆ ರಕ್ತದಲ್ಲಿ ಏರಿದ ಕ್ರಿಯಾಟಿನಿನ್ ಎಂಬ ತ್ಯಾಜ್ಯ ಇವಕ್ಕೆಲ್ಲ ಅಂಕ ಕೊಟ್ಟು ಕೂಡುವ ಕ್ರಮ ತಂದರು. ಅಂಕ 16 ಮುಟ್ಟಿದವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿಗೆ ತೊಂದರೆ ಆಗಿತ್ತು.

ತಡೆಯುವ ಔಷಧಕ್ಕಾಗಿ ನಡೆದ ಹುಡುಕಾಟ ದೊಡ್ಡದು. 1994ರ ಪ್ರಯೋಗದಲ್ಲಿ ಮೂತ್ರ ಹೆಚ್ಚಿಸುವ ಔಷಧ ಸೇರಿಸಿದ್ದಕ್ಕಿಂತ ಬರೀ ಸಲೈನ್ ಡ್ರಿಪ್ಪೇ ಮೇಲೆಂದು ತಿಳಿಯಿತು. 2000ದಲ್ಲಿ ಅಸಿಟೈಲ್‌ಸಿಸ್ಟೀನ್ ಮಾತ್ರೆ ಆಸೆ ಹುಟ್ಟಿಸಿತು. 2018ರಲ್ಲಿ ಸುಮಾರು 5,000 ರೋಗಿಗಳ ಪ್ರಯೋಗದಲ್ಲಿ ಅದರಿಂದ ಲಾಭ ಕಾಣಲಿಲ್ಲ. ಉಳಿದದ್ದು ಸರಳ: ಹದವರಿತ ಸಲೈನ್, ಆದಷ್ಟು ಕಡಿಮೆ ಡೈ. ಆದರೆ ಹಾರ್ಟ್ ಅಟ್ಯಾಕ್‌ನಲ್ಲಿ ರಾತ್ರಿಯಿಡೀ ಡ್ರಿಪ್ ಕೊಡಲು ಸಮಯವಿಲ್ಲ. ಸೋತ ಹೃದಯಕ್ಕೆ ಅತಿಯಾಗಿ ನೀರು ಹೋದರೆ ಶ್ವಾಸಕೋಶ ತುಂಬುತ್ತದೆ. ಆಗ ಡೈಯನ್ನು ಹಿಡಿತದಲ್ಲಿ ಬಳಸುವ ವೈದ್ಯರ ಕೈಯೇ ಮುಖ್ಯ.

ಕಿಡ್ನಿಗೆ ಹೆದರಿ ಆಂಜಿಯೋಪ್ಲಾಸ್ಟಿ ಬೇಡವೆನ್ನಬೇಡಿ; ಮುಚ್ಚಿದ ನಾಳ ಕಾಯುವುದಿಲ್ಲ. ಸಕ್ಕರೆ ಕಾಯಿಲೆ, ಹಳೆಯ ಕ್ರಿಯಾಟಿನಿನ್ ವರದಿ, ಮಂಡಿನೋವಿಗೆ ನುಂಗುವ, ಕಿಡ್ನಿಗೆ ಹೊರೆಯಾಗಬಲ್ಲ ಮಾತ್ರೆ, ಇವನ್ನು ಆಸ್ಪತ್ರೆಯ ಬಾಗಿಲಲ್ಲೇ ಹೇಳಿಬಿಡಿ. ಇನ್ನೊಂದು ಮಾತು. ಡೈ ಕೊಟ್ಟ ಮೇಲೆ ಕ್ರಿಯಾಟಿನಿನ್ ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಏರತೊಡಗಿ, ಮೂರರಿಂದ ಐದನೆಯ ದಿನದೊಳಗೆ ತುದಿ ಮುಟ್ಟುತ್ತದೆ. ಅಷ್ಟರಲ್ಲಿ ಎಷ್ಟೋ ಜನ ಡಿಸ್ಚಾರ್ಜ್ ಆಗಿ ಮನೆ ಸೇರಿರುತ್ತಾರೆ. ಹೊರಡುವ ಮೊದಲೇ, ಮುಂದಿನ ರಕ್ತಪರೀಕ್ಷೆ ಯಾವ ದಿನ ಎಂದು ಕೇಳಿ ಬರೆಸಿಕೊಳ್ಳಿ.