ಫೇಲಾದ ಮಕ್ಕಳಿಗೆ ಆನ್‌ಲೈನ್ ಪಾಠ: ಅಲ್ಲಿ ಕಂಡದ್ದು, ಇಲ್ಲಿ ಮಾಡಬಹುದಾದದ್ದು

(ಸುವರ್ಣ ಮಹೋತ್ಸವದ ಹಿರಿಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಈ ಶಾಲೆಯಿಂದ ಹೊರಟ ನಾನು ಬಿ.ಎಸ್‌ಸಿ., ಬಿ.ಎಡ್. ಮುಗಿಸಿ, ನಾಲ್ಕಾರು ಊರು ಸುತ್ತಿ, ಕೊನೆಗೆ ಅಮೆರಿಕದ ಇಲಿನಾಯ್ ರಾಜ್ಯದ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರಾದೆ. "ಅಲ್ಲಿನ ಶಿಕ್ಷಣದ ಬಗ್ಗೆ ಏನಾದರೂ ಹೇಳಿ" ಎಂದು ಸಮಿತಿಯವರು ಕೇಳಿದ್ದಾರೆ. ಅಲ್ಲಿನ ಕಟ್ಟಡ, ಮೈದಾನಗಳ ವರ್ಣನೆ ಮಾಡಿ ನಿಮ್ಮ ಹೊತ್ತು ಕಳೆಯುವುದಿಲ್ಲ. ಅಲ್ಲಿಯೂ ಮಕ್ಕಳು ಫೇಲಾಗುತ್ತಾರೆ. ಫೇಲಾದವರಿಗೆ ಅವರು ಏನು ಮಾಡುತ್ತಾರೆ, ಅದರಲ್ಲಿ ನಮಗೆ ಬೇಕಾದದ್ದು ಯಾವುದು, ಬೇಡವಾದದ್ದು ಯಾವುದು ಎಂಬುದಷ್ಟೇ ನನ್ನ ಮಾತು.

ಹಬ್ಬದ ದಿನ ಫೇಲಾದವರ ಮಾತೇಕೆ ಎಂದು ಯಾರಾದರೂ ಕೇಳಬಹುದು. ಮುಖ್ಯೋಪಾಧ್ಯಾಯರ ಕೊಠಡಿಯ ಹೊರಗೆ, ವರ್ಷವರ್ಷವೂ ಶಾಲೆಗೆ ಪ್ರಥಮ ಬಂದವರ ಹೆಸರಿನ ಫಲಕವಿದೆ. ಅದು ನಮ್ಮೆಲ್ಲರ ಹೆಮ್ಮೆ. ಆದರೆ ಅದೇ ಬೆಂಚುಗಳ ಮೇಲೆ ಕೂತು, ಗಣಿತದಲ್ಲೋ ಇಂಗ್ಲಿಷಿನಲ್ಲೋ ನಿಂತುಹೋದವರೂ ಈ ಐವತ್ತು ವರ್ಷಗಳಲ್ಲಿ ಇದ್ದಾರೆ. ಅವರೂ ಈ ಶಾಲೆಯ ಹಿರಿಯ ವಿದ್ಯಾರ್ಥಿಗಳೇ. ಹತ್ತನೇ ತರಗತಿಯಲ್ಲಿ ಒಂದು ವಿಷಯ ಹೋದರೆ ನಮ್ಮ ಕಡೆ ಏನಾಗುತ್ತದೆಂದು ನಿಮಗೆ ಗೊತ್ತು. ಹುಡುಗನಾದರೆ ಬೆಂಗಳೂರಿನ ಬಸ್ಸು ಹತ್ತುತ್ತಾನೆ. ಹುಡುಗಿಯಾದರೆ ಮನೆಯಲ್ಲಿ ಗಂಡು ನೋಡುವ ಮಾತು ಶುರುವಾಗುತ್ತದೆ. ಹೋದದ್ದು ಒಂದು ವಿಷಯ, ನಿಂತದ್ದು ಇಡೀ ಓದು.

ಅಮೆರಿಕದಲ್ಲಿ ನಮ್ಮ ಎಸ್‌.ಎಸ್‌.ಎಲ್‌.ಸಿ. ಹಾಗೆ ಕೊನೆಗೆ ಒಂದು ದೊಡ್ಡ ಬೋರ್ಡ್ ಪರೀಕ್ಷೆ ಇಲ್ಲ. ಒಂಬತ್ತರಿಂದ ಹನ್ನೆರಡನೇ ತರಗತಿವರೆಗಿನ ನಾಲ್ಕು ವರ್ಷ ಹೈಸ್ಕೂಲು. ಒಂದೊಂದು ವಿಷಯ ಪಾಸಾದಂತೆ ಅದಕ್ಕೆ ಇಷ್ಟು ಕ್ರೆಡಿಟ್ ಎಂದು ಸೇರುತ್ತಾ ಹೋಗುತ್ತದೆ. ನಿಗದಿಯಾದಷ್ಟು ಕ್ರೆಡಿಟ್ ಕೂಡಿದರೆ ಹೈಸ್ಕೂಲು ಮುಗಿದಂತೆ. ಬೀಜಗಣಿತದಲ್ಲಿ ಫೇಲಾದವನಿಗೆ ಆ ಕ್ರೆಡಿಟ್ ಖೋತಾ. ಹಾಗೆ ಕಳೆದುಕೊಂಡದ್ದನ್ನು ಮತ್ತೆ ಗಳಿಸುವುದಕ್ಕೆ 'ಕ್ರೆಡಿಟ್ ರಿಕವರಿ' ಎನ್ನುತ್ತಾರೆ.

ಮೊದಲು ಇದಕ್ಕೆ ಬೇಸಿಗೆ ರಜೆಯ ತರಗತಿಗಳಿದ್ದವು. 2002ರಲ್ಲಿ ಬಂದ ಕೇಂದ್ರ ಶಿಕ್ಷಣ ಕಾನೂನಿನ ನಂತರ, ಎಷ್ಟು ಮಕ್ಕಳು ಹೈಸ್ಕೂಲು ಮುಗಿಸಿದರು ಎಂಬ ಲೆಕ್ಕವನ್ನು ಶಾಲೆಗಳಿಂದ ಬಿಗಿಯಾಗಿ ಕೇಳತೊಡಗಿದರು. ಫೇಲಾದವರನ್ನು ಬೇಗ ದಾಟಿಸುವ ಒತ್ತಡ ಹೆಚ್ಚಿತು. ಅದೇ ಹೊತ್ತಿಗೆ ಕಂಪನಿಗಳು ಕಂಪ್ಯೂಟರ್ ಪಾಠಗಳನ್ನು ತಂದವು. ವಿದ್ಯಾರ್ಥಿ ಲ್ಯಾಬಿನಲ್ಲಿ ಕೂತು ವಿಡಿಯೊ ನೋಡುತ್ತಾನೆ, ಪ್ರಶ್ನೆಗೆ ಉತ್ತರ ಒತ್ತುತ್ತಾನೆ, ಸರಿಯಾದರೆ ಮುಂದಿನ ಪಾಠ ತೆರೆಯುತ್ತದೆ. ಅರ್ಧ ವರ್ಷದ ಪಾಠವನ್ನು ಅವನ ವೇಗಕ್ಕೆ ತಕ್ಕಂತೆ ಮುಗಿಸಬಹುದು.

ಇದರಲ್ಲಿ ಒಳ್ಳೆಯದಿಲ್ಲವೇ? ಇದೆ. ನಾಚಿಕೆಯ ಹುಡುಗ ಒಂದೇ ವಿಡಿಯೊ ಹತ್ತು ಸಲ ನೋಡಿದರೂ ನಗುವವರಿಲ್ಲ. ಸಂಜೆ ಅಂಗಡಿಯಲ್ಲಿ ಕೆಲಸ ಮಾಡುವವನು ಬೆಳಿಗ್ಗೆ ಬಂದು ಕೂರಬಹುದು. ಮಗುವಿನ ತಾಯಿಯಾದ ವಿದ್ಯಾರ್ಥಿನಿ ಮನೆಯಿಂದಲೇ ಓದಬಹುದು. ಹಾಗೆ ಓದಿ ಮುಗಿಸಿದವರನ್ನು ನಾನು ಕಂಡಿದ್ದೇನೆ.

ಕೆಟ್ಟದ್ದನ್ನೂ ಕಂಡಿದ್ದೇನೆ. ಪರದೆಯ ಒಂದು ಮೂಲೆಯಲ್ಲಿ ಪ್ರಶ್ನೆ, ಇನ್ನೊಂದು ಕಿಟಕಿಯಲ್ಲಿ ಗೂಗಲ್. ಪ್ರಶ್ನೆಯನ್ನು ಹಾಗೇ ಹಾಕಿದರೆ ಉತ್ತರವೂ ಹಾಗೇ ಬರುತ್ತದೆ. ಐದು ತಿಂಗಳ ಪಾಠವನ್ನು ಒಂದೇ ವಾರದಲ್ಲಿ ಮುಗಿಸಿ ಕ್ರೆಡಿಟ್ ಪಡೆದವರಿದ್ದಾರೆ. ದಾಖಲೆಯಲ್ಲಿ ಪಾಸು, ತಲೆಯಲ್ಲಿ ಖಾಲಿ. ಮುಂದಿನ ವರ್ಷ ರೇಖಾಗಣಿತದ ತರಗತಿಗೆ ಬಂದಾಗ ಅವನು ಮತ್ತೆ ನಿಲ್ಲುತ್ತಾನೆ. ಅವನಿಗೆ ಕಲಿಸದೆ ಪಾಸಿನ ಚೀಟಿ ಕೊಟ್ಟರೆ ಆದದ್ದು ಉಪಕಾರವಲ್ಲ, ಮೋಸ.

ಷಿಕಾಗೋ ನಗರದ ಸರ್ಕಾರಿ ಶಾಲೆಗಳಲ್ಲಿ ಇದನ್ನು ಶಾಸ್ತ್ರೀಯವಾಗಿ ಪರೀಕ್ಷಿಸಿದರು. 2011 ಮತ್ತು 2012ರ ಬೇಸಿಗೆಯಲ್ಲಿ, ಒಂಬತ್ತನೇ ತರಗತಿಯ ಬೀಜಗಣಿತದಲ್ಲಿ ಫೇಲಾದ ಮಕ್ಕಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಮೇಷ್ಟ್ರ ಪಾಠ, ಇನ್ನೊಂದಕ್ಕೆ ಕಂಪ್ಯೂಟರ್ ಪಾಠ. ಮೇಷ್ಟ್ರ ಬಳಿ ಕಲಿತವರಲ್ಲಿ ನೂರಕ್ಕೆ 76 ಮಂದಿ ಕ್ರೆಡಿಟ್ ಗಳಿಸಿದರು, ಕಂಪ್ಯೂಟರಿನಲ್ಲಿ ಕಲಿತವರಲ್ಲಿ 66 ಮಂದಿ. ಕಂಪ್ಯೂಟರ್ ಪಾಠವೇ ಹೆಚ್ಚು ಕಷ್ಟವಾಯಿತು ಎಂದು ಮಕ್ಕಳೇ ಹೇಳಿದರು. ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಮುಂದೆ ಹೈಸ್ಕೂಲು ಮುಗಿಸಿದವರ ಪ್ರಮಾಣದಲ್ಲಿ ಎರಡು ಗುಂಪುಗಳಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆದ್ದರಿಂದ ಕಂಪ್ಯೂಟರನ್ನು ಕಿತ್ತೆಸೆಯಿರಿ ಎಂದು ನಾನು ಹೇಳುತ್ತಿಲ್ಲ. ಅದೊಂದೇ ಸಾಲದು ಎನ್ನುತ್ತಿದ್ದೇನೆ.

ಯಾಕೆ ಸಾಲದು? ಒಂದು ಉದಾಹರಣೆ ಕೊಡುತ್ತೇನೆ. ಲ್ಯಾಬಿನಲ್ಲಿ ಒಬ್ಬ ಹುಡುಗ ವರ್ಗ ಸಮೀಕರಣದ ಪಾಠದಲ್ಲಿ ಸಿಕ್ಕಿಕೊಂಡಿದ್ದ. ಉತ್ತರ ತಪ್ಪು, ಮತ್ತೆ ಪ್ರಯತ್ನಿಸು ಎಂದು ಯಂತ್ರ ಹೇಳುತ್ತದೆ, ಅದೇ ವಿಡಿಯೊ ಮತ್ತೆ ತೋರಿಸುತ್ತದೆ. ಹುಡುಗ ನೋಡುತ್ತಾನೆ, ಮತ್ತೆ ತಪ್ಪುತ್ತಾನೆ. ನಾನು ಪಕ್ಕದಲ್ಲಿ ಕೂತು, "ಹೇಗೆ ಮಾಡಿದೆ, ಹಾಳೆಯ ಮೇಲೆ ಬರೆದು ತೋರಿಸು" ಎಂದೆ. ಸೂತ್ರ ಸರಿಯಾಗಿತ್ತು, ಹಂತಗಳೂ ಸರಿ. ಆದರೆ ಮೈನಸ್ 3ರಿಂದ 5 ಕಳೆಯುವ ಕಡೆ ಪ್ಲಸ್ 8 ಎಂದು ಬರೆದಿದ್ದ. ಎರಡು ಮೈನಸ್ ಸೇರಿದರೆ ಪ್ಲಸ್ ಎಂದು ಎಂದೋ ಕೇಳಿದ ಗುಣಾಕಾರದ ನಿಯಮವನ್ನು ಇಲ್ಲಿಗೂ ತಂದಿದ್ದ. ಸಾಲ ಮೂರು ರೂಪಾಯಿ ಇದೆ, ಇನ್ನೂ ಐದು ರೂಪಾಯಿ ಸಾಲ ಮಾಡಿದೆ, ಈಗ ಎಷ್ಟು ಎಂದು ಕೇಳಿದೆ. ನಕ್ಕು ತಾನೇ ತಿದ್ದಿಕೊಂಡ. ಅವನಿಗೆ ಬೇಕಿದ್ದದ್ದು ಹತ್ತನೇ ತರಗತಿಯ ಪಾಠವಲ್ಲ, ಏಳನೇ ತರಗತಿಯ ಹತ್ತು ನಿಮಿಷ. ಉತ್ತರ ತಪ್ಪೆಂದು ಯಂತ್ರಕ್ಕೆ ಗೊತ್ತಿತ್ತು, ತಪ್ಪು ಎಲ್ಲಿ ಹುಟ್ಟಿತು ಎಂದು ಗೊತ್ತಿರಲಿಲ್ಲ.

ಈಗ ನಮ್ಮ ಶಾಲೆಗೆ ಬರೋಣ. ಕರ್ನಾಟಕದಲ್ಲಿ 2024ರಲ್ಲಿ ಎಸ್‌.ಎಸ್‌.ಎಲ್‌.ಸಿ.ಗೆ ಪರೀಕ್ಷೆ-1, 2, 3 ಎಂದು ಒಂದೇ ವರ್ಷದಲ್ಲಿ ಮೂರು ಅವಕಾಶಗಳು ಬಂದವು. ಪೂರಕ ಪರೀಕ್ಷೆ ಎಂಬ ಹೆಸರು ಹೋಗಿದೆ. ಇದು ದೊಡ್ಡ ಉಪಕಾರ. ವಿಡಿಯೊ ಪಾಠಗಳಿಗೂ ಕೊರತೆಯಿಲ್ಲ. ಕೊರೊನಾ ಕಾಲದಲ್ಲಿ ಚಂದನ ವಾಹಿನಿಯಲ್ಲಿ 'ಸಂವೇದ' ಪಾಠಗಳು ಬಂದವು. ಪಠ್ಯಪುಸ್ತಕದ ಕ್ಯೂಆರ್ ಕೋಡನ್ನು ಮೊಬೈಲಿಗೆ ಹಿಡಿದರೆ ದೀಕ್ಷಾದಲ್ಲಿ ಪಾಠ ತೆರೆಯುತ್ತದೆ. ಅವಕಾಶವೂ ಇದೆ, ಪಾಠವೂ ಇದೆ. ಇವೆರಡರ ನಡುವೆ, ಫಲಿತಾಂಶ ಬಂದ ದಿನದಿಂದ ಪರೀಕ್ಷೆ-2ರವರೆಗೆ, ಕೆಲವೇ ವಾರಗಳಿವೆ. ಆ ವಾರಗಳಲ್ಲಿ ಫೇಲಾದ ಮಗು ಎಲ್ಲಿರುತ್ತದೆ? ಮುಖ ತೋರಿಸಲು ನಾಚಿ ಮನೆಯೊಳಗೆ, ಇಲ್ಲವೇ ಯಾವುದೋ ಕೆಲಸದಲ್ಲಿ. ರಜೆಯಲ್ಲಿ ವಿಶೇಷ ತರಗತಿ ನಡೆಸುವ ಮೇಷ್ಟ್ರುಗಳಿದ್ದಾರೆ, ಅವರಿಗೆ ಕೈಮುಗಿಯುತ್ತೇನೆ. ಆದರೆ ಎಲ್ಲ ಭಾರವನ್ನೂ ಅವರ ಮೇಲೆ ಹೊರಿಸಿ ನಾವು ಹಾರ ಹಾಕಿಸಿಕೊಂಡು ಹೋದರೆ ಆಗದು.

ಹಿರಿಯ ವಿದ್ಯಾರ್ಥಿಗಳ ಸಂಘಕ್ಕೆ ನನ್ನ ಸಲಹೆ ಐದೇ ಮಾತು.

ಮೊದಲನೆಯದು, ಫಲಿತಾಂಶ ಬಂದ ವಾರದೊಳಗೆ ಪಾಸಾಗದ ಪ್ರತಿ ಮಗುವಿನ ಮನೆಗೂ ಯಾರಾದರೂ ಹೋಗಬೇಕು. ಫೋನಲ್ಲ, ಖುದ್ದಾಗಿ. ತಂದೆತಾಯಿಗೆ ಮತ್ತೆ ಅವಕಾಶವಿದೆ ಎಂದು ತಿಳಿಸಬೇಕು, ಮಗುವಿನ ಮುಂದೆಯೇ ತಿಳಿಸಬೇಕು.

ಎರಡನೆಯದು, ಪಾಠಕ್ಕೆ ಮುಂಚೆ ಒಂದು ಪುಟದ ಲೆಕ್ಕ ಕೊಟ್ಟು, ಮಗು ಯಾವ ತರಗತಿಯ ಯಾವ ಅಂಶದಲ್ಲಿ ನಿಂತಿದೆ ಎಂದು ನೋಡಬೇಕು. ಭಿನ್ನರಾಶಿಯೋ, ಮೈನಸ್ ಚಿಹ್ನೆಯೋ, ಪ್ರಶ್ನೆಯ ಭಾಷೆಯೋ? ಯಾವ ವಿಡಿಯೊ ತೋರಿಸಬೇಕೆಂದು ಆಮೇಲೆ ಗೊತ್ತಾಗುತ್ತದೆ.

ಮೂರನೆಯದು, ಶಾಲೆಯ ಕಂಪ್ಯೂಟರ್ ಕೊಠಡಿ ಆ ವಾರಗಳಲ್ಲಿ ಬೆಳಿಗ್ಗೆ ತೆರೆದಿರಲಿ. ಪರದೆಯ ಪಾಠ ಅರ್ಧ ಗಂಟೆ, ಹಾಳೆಯ ಮೇಲೆ ಬರೆಯುವುದು ಒಂದು ಗಂಟೆ. ಮನೆಯಲ್ಲಿ ಒಂದೇ ಮೊಬೈಲು ಇರುತ್ತದೆ, ಅದೂ ಅಪ್ಪನ ಜೇಬಿನಲ್ಲಿ.

ನಾಲ್ಕನೆಯದು, ಐದಾರು ಮಕ್ಕಳಿಗೆ ಒಬ್ಬರು ಪಕ್ಕದಲ್ಲಿ ಕೂರಬೇಕು. ಅವರು ಬಿ.ಎಡ್. ಆಗಿರಬೇಕೆಂದಿಲ್ಲ. ಕಾಲೇಜು ಓದುತ್ತಿರುವ ನಮ್ಮ ಹಳೆಯ ವಿದ್ಯಾರ್ಥಿಗಳೇ ಸಾಕು. "ಹೇಗೆ ಮಾಡಿದೆ?" ಎಂದು ತಾಳ್ಮೆಯಿಂದ ಕೇಳಲು ಬರಬೇಕು. ನಿನ್ನೆ ಬಾರದವನಿಗೆ ಇವತ್ತು ಫೋನು ಮಾಡಬೇಕು.

ಐದನೆಯದು, ವಾರಕ್ಕೊಮ್ಮೆ ಪುಸ್ತಕ ಮುಚ್ಚಿ, ಮೊಬೈಲು ದೂರವಿಟ್ಟು, ಪೆನ್ನಿನಲ್ಲಿ ಒಂದು ಕಿರುಪರೀಕ್ಷೆ. ಕಲಿತದ್ದು ಮಗುವಿಗೇ ಗೊತ್ತಾಗಬೇಕು. ಆ ಧೈರ್ಯವಿಲ್ಲದೆ ಪರೀಕ್ಷಾ ಕೇಂದ್ರದ ಗೇಟಿನವರೆಗೂ ಬಂದು ಹಿಂತಿರುಗುವವರಿದ್ದಾರೆ.

ಇದಕ್ಕೆ ಹೆಚ್ಚು ಹಣ ಬೇಡ. ಗಂಟೆಗಳು ಬೇಕು. ಮುಂದಿನ ಬೇಸಿಗೆಯಲ್ಲಿ ನನ್ನ ರಜೆಯ ಮೂರು ವಾರವನ್ನು ಗಣಿತಕ್ಕೆ ಕೊಡುತ್ತೇನೆಂದು ಮುಖ್ಯೋಪಾಧ್ಯಾಯರಿಗೆ ಬರೆದುಕೊಟ್ಟಿದ್ದೇನೆ. ಇಂಗ್ಲಿಷಿಗೆ, ವಿಜ್ಞಾನಕ್ಕೆ ಹೆಸರು ಕೊಡುವವರು ಊಟಕ್ಕೆ ಹೋಗುವ ಮುನ್ನ ಕಚೇರಿಯಲ್ಲಿಟ್ಟಿರುವ ಪುಸ್ತಕದಲ್ಲಿ ಬರೆಯಿರಿ.

ಜಮಖಾನೆಯ ಮೇಲಿರುವ ಮಕ್ಕಳೇ, ನೀವೆಲ್ಲ ಮೊದಲ ಸಲವೇ ಪಾಸಾಗಿ. ಯಾರಿಗಾದರೂ ಒಂದು ವಿಷಯ ಹೋದರೆ ಅವಿತುಕೊಳ್ಳಬೇಡಿ, ಮಾರನೇ ದಿನ ಬೆಳಿಗ್ಗೆ ಶಾಲೆಗೆ ಬನ್ನಿ.